ತಂತಿ ಬೇಯಿಸುವ ಫೆಲಿಕ್ಸ್

ಭಾನುವಾರ ಬೆಳಕು ಹರಿಯುವ ಹೊತ್ತು. ನೈರೋಬಿಯ ಎಂಬಕಸಿಯಲ್ಲಿ, ಒಂದಕ್ಕೊಂದು ಹೆಗಲು ತಾಗಿಸಿ ನಿಂತ ಬಾಡಿಗೆ ಕಟ್ಟಡಗಳ ನಡುವಿನ ಓಣಿಯಲ್ಲಿ, ಇದ್ದಿಲೊಲೆಯ ಮುಂದೆ ಒಬ್ಬರು ತುದಿಗಾಲಲ್ಲಿ ಕೂತಿದ್ದಾರೆ. ಒಲೆಯ ಮೇಲೊಂದು ಅಲ್ಯುಮಿನಿಯಂ ಪಾತ್ರೆ. ನೀರು ಕೊತಕೊತ ಕುದಿಯುತ್ತಿದೆ. ನೀರೊಳಗೆ ಸುರುಳಿ ಸುತ್ತಿಕೊಂಡ ಏನೋ ಬೇಯುತ್ತಿದೆ. ಶಾವಿಗೆ ಇರಬೇಕು ಎಂದುಕೊಳ್ಳುತ್ತೇನೆ. ಬಗ್ಗಿ ನೋಡಿದರೆ ತಂತಿ! ಬೇಸ್ ಗಿಟಾರಿನ ದಪ್ಪ ದಪ್ಪ ತಂತಿ, ನಾಲ್ಕು.

“ಉಪ್ಪು ಹಾಕಿದ್ದೀರಾ?” ಎಂದು ಕೇಳುತ್ತೇನೆ.

“ಅದು ಮೊದಲೇ ಇದೆ. ನನ್ನ ಬೆವರಿಂದು. ಅದನ್ನ ಬಿಡಿಸೋಕೇ ಬೇಯಿಸ್ತಿರೋದು,” ಎನ್ನುತ್ತಾರೆ ಫೆಲಿಕ್ಸ್ ಒಡುವೊರ್, ಕಡ್ಡಿಯಿಂದ ತಂತಿಯನ್ನು ತಿರುವಿಹಾಕುತ್ತ.

ಫೆಲಿಕ್ಸ್ ಮಾತಾಡುವುದು ಇಂಗ್ಲಿಷು, ಸ್ವಾಹಿಲಿ ಎರಡನ್ನೂ ಕಲಸಿ. ಅದನ್ನು ನಮ್ಮ ಮಾತಿಗೆ ತಿರುಗಿಸಿ ಬರೆದಿದ್ದೇನೆ.

ಬೇಸ್ ಗಿಟಾರಿನ ತಂತಿ ಒಂಟಿ ಎಳೆಯಲ್ಲ. ಉಕ್ಕಿನ ಎಳೆಯ ಸುತ್ತ ಇನ್ನೊಂದು ಎಳೆಯನ್ನು ಒತ್ತೊತ್ತಾಗಿ ಸುತ್ತಿರುತ್ತಾರೆ. ಆ ಸುತ್ತುಗಳ ಸಂದಿಯಲ್ಲಿ ಬೆರಳಿನ ಜಿಡ್ಡು, ಬೆವರು, ಬಾರಿನಲ್ಲಿ ಮಾಂಸ ಸುಡುವ ಹೊಗೆ, ಎಲ್ಲ ಹೋಗಿ ಕೂರುತ್ತದೆ. ದನಿ ಮಂಕಾಗುತ್ತದೆ. ಅನುಕೂಲ ಇದ್ದವರು ಹೊಸ ತಂತಿ ಹಾಕುತ್ತಾರೆ. ಫೆಲಿಕ್ಸ್ ಹಳೆಯದನ್ನೇ ಬೇಯಿಸಿ, ಒರೆಸಿ, ಓಣಿಗೆ ಅಡ್ಡಲಾಗಿ ಕಟ್ಟಿದ ಹಗ್ಗಕ್ಕೆ ನೇತುಹಾಕುತ್ತಾರೆ. ನೆರೆಯವರ ಅಂಗಿ ಚಡ್ಡಿಗಳ ನಡುವೆ ತಂತಿ ಒಣಗುತ್ತದೆ. ಒಂದೆರಡು ವಾರ ಹೊಸದರ ಹಾಗೆ ನುಡಿಯುತ್ತದೆ. ಆಮೇಲೆ ಮತ್ತೆ ಪಾತ್ರೆಗೆ.

ಪಾತ್ರೆಯ ಅಂಚಿಗೆ ಕೆಂಪು ಬಣ್ಣ ಬಳಿದಿದೆ. ಯಾರಾದರೂ ಮರೆತು ಅದರಲ್ಲಿ ಅಡುಗೆ ಮಾಡಿಯಾರೆಂದು ಫೆಲಿಕ್ಸ್‌ರ ಹೆಂಡತಿ ಅಟಿಯೆನೊ ಬಳಿದದ್ದು. ಅವರೀಗ ಹಿಟ್ಟು ನಾದಿ, ತೊಡೆಯ ಮೇಲೆ ಬೋಗುಣಿ ಇಟ್ಟುಕೊಂಡು, ಒಲೆ ಖಾಲಿಯಾಗಲೆಂದು ಕಾಯುತ್ತಿದ್ದಾರೆ. ಅವರು ಮಂಡಾಜಿ ಕರಿದು ಮಾರುತ್ತಾರೆ. ನಮ್ಮ ಮಂಗಳೂರು ಬನ್ಸಿಗೆ ದೂರದ ನೆಂಟನಂಥ ತಿಂಡಿ ಅದು.

“ನಿನ್ನ ಕಬ್ಬಿಣ ಬೆಂದಿತಾ? ಜನ ಕಬ್ಬಿಣ ತಿನ್ನೋಕೆ ಬರಲ್ಲ. ಮಂಡಾಜಿ ತಿನ್ನೋಕೆ ಬರ್ತಾರೆ. ಒಲೆ ಬಿಡು.”

“ಇನ್ನೊಂದು ಕುದಿ, ಅಟಿಯೆನೊ.”

“ಮದುವೆ ಆದಾಗಿಂದ ಇನ್ನೊಂದು ಕುದಿ,” ಎಂದು ಅಟಿಯೆನೊ ನನ್ನ ಕಡೆ ತಿರುಗುತ್ತಾರೆ. “ಬರ್ಕೊಳ್ಳಿ. ಚರ್ಚಿನವರು ಮನೆ ಬಾಗಿಲಿಗೆ ಬಂದು ಕರೆದಿದ್ದಾರೆ. ಬೆಳಿಗ್ಗೆ ಹೋಗಿ ನುಡಿಸಿ ಮಧ್ಯಾಹ್ನ ಮನೆಗೆ ಬರೋ ಕೆಲಸ. ಹೊಸ ತಂತಿ ಅವರೇ ಕೊಡ್ತಾರೆ. ಈ ಮನುಷ್ಯ ಯೋಚನೆ ಮಾಡ್ತೀನಿ ಅಂದಿದ್ದಾನೆ. ಏನು ಯೋಚನೆ?”

ಫೆಲಿಕ್ಸ್ ತಂತಿ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಾರೆ.

ಯೋಚನೆ ಏನೆಂದು ನಾನು ಹೇಳುತ್ತೇನೆ. ಇಂಡಸ್ಟ್ರಿಯಲ್ ಏರಿಯಾದಲ್ಲಿ ಮುಗುರೆ ಗಾರ್ಡನ್ ಎಂಬ ಬಾರ್ ಇದೆ. ತಗಡಿನ ಮಾಡು, ಒಂದು ಅವಕಾಡೊ ಮರ, ಹಲಗೆ ಜೋಡಿಸಿದ ಸಣ್ಣ ವೇದಿಕೆ. ಅಲ್ಲಿ ‘ಗೇಟ್ ಟು ಬ್ಯಾಂಡ್’ ಎಂಬ ನಾಲ್ಕು ಜನರ ತಂಡ ಶುಕ್ರವಾರ ಸಂಜೆ, ಭಾನುವಾರ ಮಧ್ಯಾಹ್ನ ನುಡಿಸುತ್ತದೆ. ಆ ರಸ್ತೆಯಲ್ಲಿ ಉಳಿದಿರುವ ಬ್ಯಾಂಡ್ ಅದೊಂದೇ. ಫೆಲಿಕ್ಸ್ ಅದರಲ್ಲಿ ಬೇಸ್ ನುಡಿಸುತ್ತಾರೆ. ಬಾರಿನ ಒಡತಿ ಮುಗುರೆಗೆ ಈಗ ವೇದಿಕೆ ತೆಗೆದು ಆ ಜಾಗದಲ್ಲಿ ಗೋಡೆಯಗಲದ ಟಿವಿ ಪರದೆ ಹಾಕಿಸಬೇಕೆಂಬ ಮನಸ್ಸು. ಇಂಗ್ಲೆಂಡಿನ ಫುಟ್‌ಬಾಲ್ ಪಂದ್ಯ ತೋರಿಸಲು. ಈ ಭಾನುವಾರ ಬಾಡಿಗೆ ಪರದೆ ತಂದು ಪರೀಕ್ಷೆ. ಜನ ಬ್ಯಾಂಡ್ ಬೇಕೆಂದರೆ ಬ್ಯಾಂಡ್ ಉಳಿಯುತ್ತದೆ. ಇಲ್ಲದಿದ್ದರೆ ಸೋಮವಾರ ಬಡಗಿ ಬಂದು ಹಲಗೆ ಕೀಳುತ್ತಾನೆ. ಚರ್ಚಿನವರಿಗೂ ಸೋಮವಾರವೇ ಉತ್ತರ ಬೇಕು. ಅವರಿಗೆ ಬೇಕಾದದ್ದು ಫೆಲಿಕ್ಸ್ ಒಬ್ಬರೇ, ಅದೂ ಬಾರು ಬಿಟ್ಟು.

“ಒಬ್ಬನೇ ಬೇಸ್ ನುಡಿಸೋದು ಅಂದ್ರೆ ಒಬ್ಬನೇ ಮಂಚ ಹೊರೋ ಹಾಗೆ,” ಎಂದು ಫೆಲಿಕ್ಸ್ ಕೊನೆಗೆ ಹೇಳುತ್ತಾರೆ. “ಚರ್ಚಿನಲ್ಲಿ ಬೇರೆ ಹುಡುಗರಿದ್ದಾರೆ, ಒಳ್ಳೆಯವರು. ಆದರೆ ನಾನು ಹೋದರೆ ಈ ಮೂರು ಜನ ಬರೀ ಮೂರು ಜನ ಆಗ್ತಾರೆ. ಒಡೆದ ಬ್ಯಾಂಡು ಮತ್ತೆ ಕೂಡಿದ್ದನ್ನ ನಾನು ನೋಡಿಲ್ಲ.”

“ಕೇಳಿದ್ರಲ್ಲ? ಮಂಚ,” ಎನ್ನುತ್ತಾರೆ ಅಟಿಯೆನೊ, ಎಣ್ಣೆಯ ಬಾಣಲೆಯನ್ನು ಒಲೆಗಿಡುತ್ತ.

ನೈರೋಬಿಯಲ್ಲಿ ಈಗ ಬ್ಯಾಂಡುಗಳೇ ಇಲ್ಲ, ಕಾಲ ಬದಲಾಯಿತು ಎಂದು ನಿಟ್ಟುಸಿರು ಬಿಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಸ್ಪ್ರಿಂಗ್ ವ್ಯಾಲಿಯಂಥ ಸಿರಿವಂತರ ಬಡಾವಣೆಯ ಕಾಂಪೌಂಡಿನೊಳಗೆ ಕೂತು, ಮೊಬೈಲಿನಲ್ಲಿ ಹಾಡು ಹಚ್ಚಿಕೊಂಡು ಈ ಮಾತಾಡುತ್ತಾರೆ. ಒಂದು ದಿನ ಬಂದು ಕೇಳಿದವರಲ್ಲ. ಕಾಲ ತಾನಾಗಿ ಬದಲಾಗುವುದಿಲ್ಲ. ಯಾರೋ ಎದ್ದು ಹೋಗಿ ಪ್ಲಗ್ ಕೀಳುತ್ತಾರೆ.

ಫೆಲಿಕ್ಸ್ ಕಿಸುಮು ಕಡೆಯವರು, ವಿಕ್ಟೋರಿಯಾ ಸರೋವರದ ಸೀಮೆ. ಹದಿಹರೆಯದಲ್ಲಿ ಚಿಕ್ಕಪ್ಪನ ಜೊತೆ ನೈರೋಬಿಗೆ ಬಂದಾಗ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕಾರ್ಖಾನೆಯ ಗೇಟಿಗೊಂದು ಬಾರ್, ಬಾರಿಗೊಂದು ಬ್ಯಾಂಡ್ ಇತ್ತಂತೆ. ಬ್ಯಾಂಡಿಗೂ ಆ ಗೇಟಿನದೇ ಹೆಸರು: ಎರಡನೇ ಗೇಟಿನದು ಗೇಟ್ ಟು. ಶಿಫ್ಟ್ ಬಿಟ್ಟ ಕೆಲಸಗಾರರು ಗೇಟ್ ದಾಟುವಾಗ ಒಂದು ಬಾರಿನ ಗಿಟಾರು ಮುಗಿಯುವಲ್ಲಿ ಇನ್ನೊಂದು ಬಾರಿನದು ಶುರು. ಬಸ್ ನಿಲ್ದಾಣ ಸೇರುವಷ್ಟರಲ್ಲಿ ಕಾಲು ತಾಳ ಹಿಡಿದಿರುತ್ತಿತ್ತು.

ಆ ಕಾಲದ ಒಂದು ಪದ್ಧತಿ ಕೇಳಿ ನನಗೆ ಸೋಜಿಗವಾಯಿತು. ವಾದ್ಯಗಳು ವಾದ್ಯಗಾರರವಲ್ಲ, ಬಾರಿನ ಯಜಮಾನರವು. ಗಿಟಾರು, ಡ್ರಮ್ಮು, ಸ್ಪೀಕರ್ ಪೆಟ್ಟಿಗೆ ಎಲ್ಲವನ್ನೂ ಯಜಮಾನ ಕೊಳ್ಳುತ್ತಾನೆ. ನುಡಿಸುವವರು ಬರಿಗೈಲಿ ಬರುತ್ತಾರೆ, ಬರಿಗೈಲಿ ಹೋಗುತ್ತಾರೆ. ಜಗಳವಾದರೆ ಯಜಮಾನ ಕೋಣೆಗೆ ಬೀಗ ಜಡಿಯುತ್ತಾನೆ, ಅಲ್ಲಿಗೆ ಬ್ಯಾಂಡ್ ಬಂದ್. ಈಗಲೂ ಅದೇ. ಫೆಲಿಕ್ಸ್ ನುಡಿಸುವ ಗಿಟಾರು ಮುಗುರೆಯದು. ಅವರದೆಂದು ಹೇಳಿಕೊಳ್ಳಲು ಇರುವುದು ಆ ನಾಲ್ಕು ತಂತಿ ಮಾತ್ರ. ಪ್ರತಿ ಸಲ ನುಡಿಸಿದ ಮೇಲೆ ತಂತಿ ಬಿಚ್ಚಿ ಜೇಬಿಗೆ ಹಾಕಿಕೊಂಡು ಮನೆ ಕಡೆಯ ಮಟಾಟು ವ್ಯಾನು ಹತ್ತುತ್ತಾರೆ.

“ಮೊದಲು ಕೀಬೋರ್ಡಿನವನು ಬಂದ. ಅವನೊಬ್ಬ ಮೂರು ಜನರ ಜಾಗ ತಗೊಂಡ. ಆಮೇಲೆ ಲ್ಯಾಪ್‌ಟಾಪಿನವನು ಬಂದು ಕೀಬೋರ್ಡಿನವನ ಜಾಗ ತಗೊಂಡ. ಈಗ ಚೆಂಡು ಬಂದಿದೆ. ಲ್ಯಾಪ್‌ಟಾಪಿನವನೂ ಮನೇಲಿ ಕೂತಿದ್ದಾನೆ.” ಹೀಗೆ ಹೇಳಿ ಫೆಲಿಕ್ಸ್ ನಗುತ್ತಾರೆ. ನನಗೆ ನಗು ಬರುವುದಿಲ್ಲ.

ಮುಗುರೆಯ ಮಾತನ್ನೂ ಕೇಳಬೇಕಲ್ಲ. ಶುಕ್ರವಾರ ಸಂಜೆ ಹೋಗಿ ಕೇಳಿದೆ. ಜಗಳಕ್ಕೇ ಹೋದೆ ಅನ್ನಿ. ಐವತ್ತು ದಾಟಿದ ಗಟ್ಟಿ ಹೆಂಗಸು, ಹೆಗಲ ಮೇಲೆ ಸದಾ ಒಂದು ಒರೆಸುವ ಬಟ್ಟೆ.

“ನಾನು ಬಾರ್ ನಡೆಸ್ತೀನಿ ಕಣಪ್ಪ, ಮ್ಯೂಸಿಯಮ್ಮಲ್ಲ,” ಎಂದರು. “ಹಿಂದುಗಡೆ ನೋಡು. ಗೋದಾಮಿತ್ತು, ಈಗ ಅಪಾರ್ಟ್‌ಮೆಂಟು. ಡ್ರಮ್ಮು ಬಡಿದರೆ ಕಿಟಕಿಯಿಂದ ಬೈತಾರೆ. ಪಂದ್ಯ ಹಾಕಿದ್ರೆ ಅದೇ ಜನ ಇಳಿದು ಬಂದು ಕುರ್ಚಿ ಹಿಡೀತಾರೆ. ನೀನು ನನ್ನ ಜಾಗದಲ್ಲಿದ್ರೆ ಏನು ಮಾಡ್ತಿದ್ದೆ?”

ನಾನೂ ಪರದೆಯನ್ನೇ ಹಾಕಿಸುತ್ತಿದ್ದೆನೇನೋ. ಅದಕ್ಕೂ ಸಿಟ್ಟು ಬಂತು.

ಅದೇ ಸಂಜೆ ಬಹಳ ದಿನದಿಂದ ತಲೆಯಲ್ಲಿದ್ದ ಪ್ರಶ್ನೆಯನ್ನು ಫೆಲಿಕ್ಸ್‌ರಿಗೆ ಕೇಳಿಯೇಬಿಟ್ಟೆ. ಹಾಡಿನಲ್ಲಿ ನಿಮ್ಮದು ಯಾವುದು? ಒಕೆಚ್ ಎಂಬವರ ಗಿಟಾರು, ಹಾಡು ಎರಡೂ ಕೇಳುತ್ತವೆ. ಮುಟುವಾ ಎಂಬವರ ಡ್ರಮ್ಮು ಅಪಾರ್ಟ್‌ಮೆಂಟಿನವರಿಗೂ ಕೇಳುತ್ತದೆ. ಇನ್ನೊಬ್ಬ ಗಿಟಾರಿನವರು ಮಾತೇ ಆಡುವುದಿಲ್ಲ, ಆದರೆ ಅವರ ಗಿಟಾರು ಕಟಕಟ ಎನ್ನುವುದು ಗೊತ್ತಾಗುತ್ತದೆ. ಹಿಂದೆ ನಿಂತ ಈ ಮನುಷ್ಯ ಏನು ಮಾಡುತ್ತಾರೆ?

“ಬೇಸು ಕಿವಿಗಲ್ಲ, ಕಾಲಿಗೆ,” ಎಂದರು ಫೆಲಿಕ್ಸ್. “ನಾನು ನುಡಿಸುವಾಗ ಜನರ ಮುಖ ನೋಡಲ್ಲ. ಮೇಜಿನ ಕೆಳಗೆ ನೋಡ್ತೀನಿ. ನಂಬಿಕೆ ಇಲ್ವಾ? ಮುಂದಿನ ಹಾಡಲ್ಲಿ ನೀನೂ ಅಲ್ಲೇ ನೋಡು.”

ನೋಡಿದೆ. ಮೇಜುಗಳ ಕೆಳಗೆ ಕೆಲಸದ ಬೂಟು, ಚಪ್ಪಲಿ, ಒಂದೆರಡು ಹೊಳೆಯುವ ಷೂ. ಒಂದು ಹಿಮ್ಮಡಿ ಕುಟ್ಟುತ್ತಿದೆ, ಒಂದು ಬೆರಳು ಏಳುತ್ತಿದೆ, ಒಂದು ಮೊಣಕಾಲು ಅಲುಗುತ್ತಿದೆ. ಮೇಲೆ ಅವರ ಮಾತು ಬೇರೆ: ಫೋರ್‌ಮನ್ನನ್ನು ಬೈಯುತ್ತಿದ್ದಾರೆ, ಮಾಂಸ ಬೆಂದಿಲ್ಲವೆಂದು ಕೂಗುತ್ತಿದ್ದಾರೆ. ಹಾಡಿನ ನಟ್ಟನಡುವೆ ಫೆಲಿಕ್ಸ್ ತಂತಿಯ ಮೇಲೆ ಅಂಗೈ ಇಟ್ಟು ಸುಮ್ಮನಾದರು. ಗಿಟಾರು ನಿಲ್ಲಲಿಲ್ಲ, ಡ್ರಮ್ಮು ನಿಲ್ಲಲಿಲ್ಲ, ಒಕೆಚ್ ಹಾಡುತ್ತಲೇ ಇದ್ದರು. ಮೇಜಿನ ಕೆಳಗೆ ಮಾತ್ರ ಎಲ್ಲ ಕಾಲೂ ನಿಂತವು! ಒಬ್ಬಾತ ಮಾತು ನಿಲ್ಲಿಸಿ, ಏನೋ ಕಳೆದುಹೋದವನ ಹಾಗೆ ಸುತ್ತ ನೋಡಿದ. ಏನು ಕಳೆಯಿತೆಂದು ಅವನಿಗೇ ತಿಳಿಯಲಿಲ್ಲ. ಫೆಲಿಕ್ಸ್ ಕೈ ತೆಗೆದು ಮತ್ತೆ ಮೀಟಿದರು. ಕಾಲುಗಳು ಶುರುವಾದವು. ಆತ ಮಾತು ಮುಂದುವರಿಸಿದ.

ಇಂಥದ್ದೊಂದು ಕೆಲಸ ಇದೆಯೆಂದು ಇಷ್ಟು ವಯಸ್ಸಾದರೂ ನನಗೆ ಗೊತ್ತಿರಲಿಲ್ಲ.

ವಾರದ ಉಳಿದ ದಿನ ಫೆಲಿಕ್ಸ್‌ರಿಗೆ ಹೊಟ್ಟೆಪಾಡಿನ ಬೇರೆ ಕೆಲಸ. ಅದೇ ರಸ್ತೆಯ ಒಂದು ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಬಕೆಟ್ಟು ಬೇಸಿನ್ನುಗಳನ್ನು ಲಾರಿಗೆ ಹೇರುತ್ತಾರೆ. ಅಲ್ಲಿ ಯಂತ್ರಗಳ ರಿಪೇರಿ ನೋಡಿಕೊಳ್ಳುವವರು ನಮ್ಮ ಗದಗ ಕಡೆಯ ಈರಣ್ಣ. ವಯಸ್ಸಿನಲ್ಲಿ ಚಿಕ್ಕವರಾದ್ದರಿಂದ ಫೆಲಿಕ್ಸ್‌ರನ್ನು ‘ಫೆಲಿಕ್ಸಣ್ಣ’ ಎಂದೇ ಕರೆಯುತ್ತಾರೆ. ಫೆಲಿಕ್ಸ್ ಅದು ತಮ್ಮ ಹೆಸರಿನ ಕನ್ನಡ ರೂಪವೆಂದು ತಿಳಿದುಕೊಂಡಿದ್ದಾರೆ. ಗೇಟ್ ಟು ಬ್ಯಾಂಡ್ ನಮ್ಮ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಬಂದದ್ದು ಈ ಈರಣ್ಣನ ಹಟದಿಂದ. ಅಲ್ಲಿ ನಡೆದದ್ದನ್ನು ಹೇಳದೆ ಮುಂದೆ ಹೋಗುವ ಹಾಗಿಲ್ಲ.

ಸಂಘದ ಸಭೆಯಲ್ಲಿ ಕಾರ್ಯದರ್ಶಿ ಮಂಜುನಾಥ್, ಡಿಜೆ ಸಾಕು ಎಂದರು. “ಡಿಜೆ ಅಂದ್ರೆ ಒಂದು ಲ್ಯಾಪ್‌ಟಾಪ್ ಸಾರ್. ಪ್ಲಗ್ ಹಾಕಿದ್ರೆ ಶುರು. ಬ್ಯಾಂಡ್ ಅಂದ್ರೆ ವ್ಯಾನ್ ಬೇಕು, ಸೌಂಡ್ ಚೆಕ್ ಬೇಕು, ನಾಲ್ಕು ಜನಕ್ಕೆ ಊಟ ಬೇಕು.”

“ಊಟ ನಾ ಹಾಕ್ತೀನ್ರೀ,” ಎಂದು ಈರಣ್ಣ ಎದ್ದು ನಿಂತರು. “ನಿಮ್ಮ ಲ್ಯಾಪ್‌ಟಾಪಿಗೆ ಭಾವನಾ ಮೇಡಮ್ಮರ ಹಾಡು ಬರ್ತೈತೇನು, ಹೇಳ್ರಿ ನೋಡೋಣು?”

ಬರುವ ಹಾಗಿರಲಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡುವ ಭಾವನಾ ಆ ವರ್ಷ ತಾವೇ ಒಂದು ಹಾಡು ಬರೆದು ತಾವೇ ರಾಗ ಹಾಕಿದ್ದರು. ಅದಕ್ಕೆ ಕರೋಕೆ ಟ್ರ್ಯಾಕ್ ಎಲ್ಲಿಂದ ಬರಬೇಕು? ಹಾಗಾಗಿ ಬ್ಯಾಂಡ್ ಬಂತು.

ಭಾವನಾರ ಮನೆ ಸ್ಪ್ರಿಂಗ್ ವ್ಯಾಲಿಯಲ್ಲಿ. ಇಂಡಸ್ಟ್ರಿಯಲ್ ಏರಿಯಾಕ್ಕೆ ಅಭ್ಯಾಸಕ್ಕೆಂದು ಹೊರಟವರು ಜಾಮಿನಲ್ಲಿ ಸಿಕ್ಕಿಹಾಕಿಕೊಂಡು ಅರ್ಧ ದಾರಿಯಿಂದ ಹಿಂದಿರುಗಿದರು. ಮನೆಯಲ್ಲೇ ಹಾಡಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಈರಣ್ಣನಿಗೆ ಕಳಿಸಿದರು. ಈರಣ್ಣ ಊಟದ ಬಿಡುವಿನಲ್ಲಿ ಫೆಲಿಕ್ಸ್‌ರಿಗೆ ಕಳಿಸಿದರು. ಗೇಟ್ ಟು ಬ್ಯಾಂಡಿನವರಿಗೆ ಸ್ವರಲಿಪಿ ಓದಲು ಬರುವುದಿಲ್ಲ. ಅವರದೆಲ್ಲ ಕಿವಿಯ ವಿದ್ಯೆ. ಕೇಳಿದ್ದನ್ನು ಕೇಳಿದ ಹಾಗೆಯೇ ಕಲಿಯುತ್ತಾರೆ, ಒಂದು ಉಸಿರನ್ನೂ ಬಿಡದೆ. ಅದೇ ಮುಳುವಾಯಿತು.

ಅವರ ಹಾಡುಗಳಿಗೆ ಎರಡು ಭಾಗ ಇರುತ್ತವೆ. ಮೊದಲು ನಿಧಾನ, ಮಾತು, ಕತೆ. ಆಮೇಲೆ ಹಾಡುಗಾರ ಒಂದು ಸಾಲನ್ನು ಕೂಗಿ ಪಕ್ಕಕ್ಕೆ ಸರಿಯುತ್ತಾನೆ, ಬೇಸು ಜಿಗಿಯುತ್ತದೆ, ಗಿಟಾರುಗಳು ಓಟ ಕೀಳುತ್ತವೆ, ಜನ ಎದ್ದು ಕುಣಿಯುತ್ತಾರೆ. ಆ ತಿರುವು ಎಲ್ಲಿ ಎಂಬುದನ್ನು ಫೆಲಿಕ್ಸ್ ಹುಡುಕಬೇಕು. ಭಾವನಾರ ಹಾಡಿನಲ್ಲೂ ಹುಡುಕಿದರು. ಸಿಕ್ಕಿತು.

ರಾಜ್ಯೋತ್ಸವದ ದಿನ ಸಭಾಂಗಣ ತುಂಬಿತ್ತು. ಹಳದಿ ಕೆಂಪು ಶಾಲು ಹೊದ್ದ ಗಣ್ಯರು ಮುಂದಿನ ಸಾಲಿನಲ್ಲಿ. ಭಾವನಾ ಎರಡು ನುಡಿ ಚೆನ್ನಾಗಿಯೇ ಹಾಡಿದರು. ಬ್ಯಾಂಡು ಅವರ ಹಿಂದೆ ಮೆತ್ತಗೆ ನಡೆಯಿತು. ಅವರು ಮೂರನೆಯ ನುಡಿಗೆ ಉಸಿರೆಳೆದುಕೊಳ್ಳುವಷ್ಟರಲ್ಲಿ ಬ್ಯಾಂಡು ಗಕ್ಕನೆ ನಿಂತಿತು. ಮುಟುವಾ ಹಿತ್ತಾಳೆಯ ತಟ್ಟೆಯ ಮೇಲೆ ಮೂರು ಸಲ ಸ್ಸ್… ಸ್ಸ್… ಸ್ಸ್… ಎಂದು ಎಳೆದರು. ಆಮೇಲೆ ಒಕೆಚ್, ಮುಟುವಾ, ಫೆಲಿಕ್ಸ್ ಮೂವರೂ ಎದೆ ತುಂಬ ಉಸಿರು ತುಂಬಿಕೊಂಡು, ಸ್ವರ ಕೂಡಿಸಿ, ಅಚ್ಚ ಮೈಸೂರು ಕನ್ನಡದಲ್ಲಿ ಹಾಡಿದರು:

“ಏ ಗಗನಾ! ಮೂರು ವಿಸಲ್ ಆಯ್ತು! ಕುಕ್ಕರ್ ಆಫ್ ಮಾಡೇ!”

ಬೇಸು ಜಿಗಿಯಿತು. ಗಿಟಾರುಗಳು ಓಟ ಕಿತ್ತವು. “ಕುಕ್ಕರ್ ಆಫ್ ಮಾಡೇ, ಗಗನಾ, ಕುಕ್ಕರ್ ಆಫ್ ಮಾಡೇ!”

ಭಾವನಾ ಮೈಕ್ ಹಿಡಿದು ಕಂಬದ ಹಾಗೆ ನಿಂತರು. ಹೈಸ್ಕೂಲಿಗೆ ಹೋಗುವ ಅವರ ಮಗಳು ಗಗನಾ ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡು “ಅಮ್ಮಾ, ಐ ವಿಲ್ ಡೈ!” ಎಂದು ಕಿರುಚಿದಳು. ಆಮೇಲೆ ಹಿಂದಿನ ಸಾಲಿನಲ್ಲಿ ಒಂದು ನಗು ಸಿಡಿಯಿತು, ಅದು ಹರಡಿತು, ಹೆಂಗಸರು ಮೊದಲು ಎದ್ದರು. ಶಾಲು ಹೊದ್ದ ಗಣ್ಯರ ಕಾಲೂ ಅಲುಗುತ್ತಿದ್ದವು. ಆಗ ನಾನು ಕಾಲು ನೋಡುವುದನ್ನು ಕಲಿತಿರಲಿಲ್ಲ. ಈಗ ನೆನಪಿಸಿಕೊಂಡು ಹೇಳುತ್ತಿದ್ದೇನೆ.

ಊಟದ ಸಾಲಿನಲ್ಲಿ ಭಾವನಾ ಈರಣ್ಣನನ್ನು ಹಿಡಿದರು. “ಕಳಿಸೋ ಮುಂಚೆ ನೀವು ಪೂರ್ತಿ ಕೇಳ್ಲಿಲ್ವಾ ಈರಣ್ಣ?”

“ನೀವು ಕೇಳಿದ್ರೇನ್ರೀ ಮೇಡಮ್ಮ?” ಎಂದರು ಈರಣ್ಣ, ಬಿಸಿಬೇಳೆಬಾತಿನ ತಟ್ಟೆ ಎದೆಗೆ ಅವುಚಿಕೊಂಡು.

ಅರ್ಥ ತಿಳಿದಾಗ ಫೆಲಿಕ್ಸ್ ಊಟ ಬಿಟ್ಟು ಎದ್ದು ಬಂದು ಕ್ಷಮೆ ಕೇಳಿದರು. ಇಲ್ಲಿಯವರು ತಾಯಂದಿರನ್ನು ಮಕ್ಕಳ ಹೆಸರಿಗೆ ‘ಮಾಮಾ’, ಅಂದರೆ ಅಮ್ಮ, ಎಂದು ಸೇರಿಸಿ ಕರೆಯುತ್ತಾರೆ. “ಮಾಮಾ ಗಗನಾ, ನಮ್ಮ ತಪ್ಪು. ಉಳಿದ ಸಾಲುಗಳನ್ನು ನೀವು ಜೋಪಾನವಾಗಿ ಹಾಡಿದ್ದಿರಿ. ಆ ಒಂದು ಸಾಲಿಗೆ ಬಂದಾಗ ಮಾತ್ರ ನಿಮ್ಮ ದನಿ ಹೊಟ್ಟೆಯಿಂದ ಬಂತು. ಹಾಡಿನ ತಿರುವು ಅದೇ ಅಂದುಕೊಂಡೆವು.”

ಭಾವನಾ ಬೈಯಲೆಂದೇ ಬಾಯಿ ತೆರೆದದ್ದು. ನಗು ಬಂದುಬಿಟ್ಟಿತು. ಮಂಜುನಾಥ್ ಮಾತ್ರ “ಲ್ಯಾಪ್‌ಟಾಪ್ ಹೀಗೆಲ್ಲ ಮಾಡಲ್ಲ ಸಾರ್” ಎಂದು ನನ್ನ ಕಿವಿಯಲ್ಲಿ ಹೇಳಿದರು. ಮಾಡುವುದಿಲ್ಲ, ನಿಜ. ಲ್ಯಾಪ್‌ಟಾಪ್ ನಮ್ಮ ಹೆಣ್ಣುಮಕ್ಕಳ ದನಿಯನ್ನು ಇಷ್ಟು ಗಮನ ಕೊಟ್ಟು ಕೇಳುವುದೂ ಇಲ್ಲ ಎಂದೆ. ಅವರು ಪಾಯಸದ ಕಡೆ ಹೋದರು.

ಈಗ ಮತ್ತೆ ಈ ಭಾನುವಾರಕ್ಕೆ. ಮಧ್ಯಾಹ್ನ ಮುಗುರೆ ಗಾರ್ಡನ್ನಿಗೆ ಹೋಗುತ್ತೇವೆ. ಫೆಲಿಕ್ಸ್ ವೇದಿಕೆಯ ಅಂಚಿನಲ್ಲಿ ಕೂತು, ಬೆಳಿಗ್ಗೆ ಬೇಯಿಸಿದ ತಂತಿಗಳನ್ನು ಒಂದೊಂದಾಗಿ ಗಿಟಾರಿಗೆ ಏರಿಸುತ್ತಿದ್ದಾರೆ. ಎದುರಿನ ಗೋಡೆಗೆ ಬಾಡಿಗೆ ಪರದೆ ಬಂದು ನಿಂತಿದೆ. ಕುರ್ಚಿಗಳೆಲ್ಲ ಪರದೆಯ ಕಡೆ. ಅಂದರೆ ವೇದಿಕೆಗೆ ಬೆನ್ನು. ಮುಗುರೆಯ ಷರತ್ತು ಸರಳ: ಪಂದ್ಯ ಶುರುವಾಗುವ ತನಕ ನುಡಿಸಿ, ನಡುವಿನ ವಿರಾಮದಲ್ಲಿ ನುಡಿಸಿ, ಚೆಂಡು ಓಡುವಾಗ ಸದ್ದೆತ್ತಿದರೆ ಪ್ಲಗ್ ಕೀಳುತ್ತೇನೆ.

ಪಂದ್ಯಕ್ಕೆ ಮುಂಚೆ ನುಡಿಸಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಬಾಜಿ ಕಟ್ಟುವುದರಲ್ಲಿ, ಜಾಗ ಹಿಡಿಯುವುದರಲ್ಲಿ ಮುಳುಗಿದ್ದಾರೆ. ಒಬ್ಬಾತ ವೇದಿಕೆಯ ಮೇಲೆಯೇ ಕುರ್ಚಿ ಹಾಕಿ, ಒಕೆಚ್‌ಗೆ “ಮ್ಝೀ, ಸ್ವಲ್ಪ ಸರಿ” ಎನ್ನುತ್ತಾನೆ. ಮ್ಝೀ ಎಂದರೆ ಹಿರಿಯರೇ ಎಂದು. ಮರ್ಯಾದೆ ಕೊಟ್ಟೇ ಎಬ್ಬಿಸುತ್ತಾನೆ! ಒಕೆಚ್ ಸರಿಯುತ್ತಾರೆ.

ಈರಣ್ಣ ಬಂದಿದ್ದಾರೆ, ಜೊತೆಯಲ್ಲಿ ಭಾವನಾ, ಗಗನಾ. ಮರಗೆಣಸಿನ ಚಿಪ್ಸಿನ ತಟ್ಟೆ ಇಟ್ಟುಕೊಂಡು ಮೂಲೆಯಲ್ಲಿ ಕೂತಿದ್ದಾರೆ. “ಏನ್ ಫೆಲಿಕ್ಸಣ್ಣ, ಸವಾ?” ಎಂದು ಈರಣ್ಣ ಕೂಗುತ್ತಾರೆ. ಎಲ್ಲ ಸರಿಯೇ ಎಂದು ಕೇಳಿದ್ದು. “ಸವಾ,” ಎನ್ನುತ್ತಾರೆ ಫೆಲಿಕ್ಸ್. ಸರಿಯಿಲ್ಲ ಎಂದು ನೋಡಿದರೇ ತಿಳಿಯುತ್ತದೆ.

ವಿರಾಮ ಬರುತ್ತದೆ. ಮುಟುವಾ ತಟ್ಟೆಯ ಮೇಲೆ ಮೂರು ಸಲ ಎಳೆಯುತ್ತಾರೆ. ಸ್ಸ್… ಸ್ಸ್… ಸ್ಸ್… ರಾಜ್ಯೋತ್ಸವದ ನಂತರ ಬ್ಯಾಂಡಿನವರು ಈ ಸಾಲನ್ನು ಬಿಟ್ಟಿಲ್ಲ. ವಾರವಾರ ಬರುವವರಿಗೆ ಬಾಯಿಪಾಠವಾಗಿದೆ. ಭಾವನಾ ಎದ್ದು ಹೋಗಿ ಮೈಕ್ ಹಿಡಿಯುತ್ತಾರೆ. ಗಗನಾ “ನೋ, ಅಮ್ಮಾ, ನೋ” ಎನ್ನುವುದರೊಳಗೆ, ಲಾರಿ ಚಾಲಕರು, ಗೋದಾಮಿನ ಹಮಾಲರು, ಅಪಾರ್ಟ್‌ಮೆಂಟಿನವರು ಸೀಸೆಗಳನ್ನು ಮೇಜಿಗೆ ಕುಟ್ಟುತ್ತ ಕೂಗುತ್ತಿದ್ದಾರೆ: “ಕುಕಾ ಆಫ್ ಮಾಡೇ!” ನಾಲ್ಕೈದು ಕುರ್ಚಿ ವೇದಿಕೆಯ ಕಡೆ ತಿರುಗುತ್ತವೆ. ಈರಣ್ಣ ಎದ್ದು ಕುಣಿಯುತ್ತಾರೆ. ಕೊನೆಗೆ ಗಗನಾಳೂ.

ವಿರಾಮ ಎಷ್ಟರದು? ಆಟಗಾರರು ಮೈದಾನಕ್ಕೆ ಇಳಿಯುತ್ತಾರೆ. ಮುಗುರೆ ಹೆಗಲ ಬಟ್ಟೆ ತೆಗೆದು ಬೀಸುತ್ತಾರೆ. ಹಾಡು ನಿಲ್ಲುತ್ತದೆ. ಕುರ್ಚಿಗಳು ತಿರುಗುತ್ತವೆ. ಮತ್ತೆ ಬೆನ್ನು. ಅಷ್ಟೇ! ಈಗ ತಾನೇ ಕುಣಿದವರು ಇವರೇನಾ ಎನ್ನಿಸುತ್ತದೆ. ಒಕೆಚ್ ಗಿಟಾರನ್ನು ಕಾಲಿಗೆ ಒರಗಿಸಿಡುತ್ತಾರೆ. ಮುಟುವಾ ಕೋಲುಗಳನ್ನು ಜೋಡಿಸಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಮುಗಿಯಿತು ಎಂದುಕೊಳ್ಳುತ್ತೇನೆ.

ಫೆಲಿಕ್ಸ್ ಮಾತ್ರ ನಿಂತೇ ಇದ್ದಾರೆ. ಸ್ಪೀಕರ್ ಪೆಟ್ಟಿಗೆಯ ತಿರುಗಣಿ ತಿರುಗಿಸಿ ಸದ್ದು ಇಳಿಸುತ್ತಾರೆ. ಆಮೇಲೆ ಹೆಬ್ಬೆರಳಿನಿಂದ, ಮೆಲ್ಲಗೆ, ಮೀಟತೊಡಗುತ್ತಾರೆ.

ಪಂದ್ಯದ ವಿವರಣೆಕಾರ ಅರಚುತ್ತಿದ್ದಾನೆ. ಅವನ ಅರಚಾಟದ ಅಡಿಯಲ್ಲಿ ಬೇಸು ನಡೆಯುತ್ತಿದೆ. ಅದು ಕೇಳುತ್ತದೆ ಎನ್ನಲಾರೆ. ಕೂತ ಹಲಗೆಯ ಮೂಲಕ ಬೆನ್ನಿಗೆ ಬರುತ್ತದೆ. ಯಾರೂ ತಿರುಗಿ ನೋಡುವುದಿಲ್ಲ. ನಾನು ಬಗ್ಗಿ ಮೇಜುಗಳ ಕೆಳಗೆ ನೋಡುತ್ತೇನೆ. ಒಂದು ಬೂಟು ಕುಟ್ಟುತ್ತಿದೆ. ಪಕ್ಕದ ಚಪ್ಪಲಿ. ಅದರಾಚೆ ಇನ್ನೊಂದು ಬೂಟು. ವೇದಿಕೆಯ ಮೇಲೆ ಕುರ್ಚಿ ಹಾಕಿದ್ದಾನಲ್ಲ, ಅವನ ಮೊಣಕಾಲು! ಮುಟುವಾ ಅದನ್ನು ನೋಡಿ, ಕೋಲು ಬಿಟ್ಟು ಬೆರಳ ತುದಿಯಿಂದ ಡ್ರಮ್ಮಿನ ಅಂಚು ತಟ್ಟತೊಡಗುತ್ತಾರೆ. ಮಾತಾಡದ ಗಿಟಾರಿನವರು ಸೇರಿಕೊಳ್ಳುತ್ತಾರೆ. ಕೊನೆಗೆ ಒಕೆಚ್, ದನಿ ಇಲ್ಲದೆ, ತಂತಿ ಮಾತ್ರ.

ಮುಗುರೆ ಕೌಂಟರಿನಿಂದ ಬರುತ್ತಾರೆ. ನೇರ ಪ್ಲಗ್ಗಿನ ಕಡೆ. ನಾನು ಎದ್ದು ಅಡ್ಡ ನಿಲ್ಲಬೇಕೆನ್ನುವಷ್ಟರಲ್ಲಿ ಅವರೇ ನಿಲ್ಲುತ್ತಾರೆ. ಜನರ ಬೆನ್ನು ನೋಡುತ್ತಾರೆ, ಯಾರೂ ದೂರುತ್ತಿಲ್ಲ. ಕೆಳಗೆ ನೋಡುತ್ತಾರೆ. ಕೊನೆಗೆ ತಮ್ಮ ಕಾಲನ್ನೇ ನೋಡಿಕೊಳ್ಳುತ್ತಾರೆ. ರಬ್ಬರ್ ಚಪ್ಪಲಿಯ ಹೆಬ್ಬೆರಳು ಏಳುತ್ತಿದೆ, ಬೀಳುತ್ತಿದೆ.

“ಮ್ಝೀ ಫೆಲಿಕ್ಸ್, ವೇದಿಕೆ ಹೋಗುತ್ತೆ,” ಎನ್ನುತ್ತಾರೆ. “ಪರದೆಯವನಿಗೆ ಈಗ ತಾನೇ ಮಾತು ಕೊಟ್ಟೆ. ಪೆಟ್ಟಿಗೆ ಅವಕಾಡೊ ಮರದ ಕೆಳಗೆ ಇಟ್ಕೊ. ಹೀಗೇ ನುಡಿಸು.”

ಫೆಲಿಕ್ಸ್ ಬೆರಳು ನಿಲ್ಲಿಸುವುದಿಲ್ಲ. “ನಾಲ್ಕೂ ಜನ?”

ಮುಗುರೆ ಮೂವರ ಕಡೆ ನೋಡುತ್ತಾರೆ. ಬಟ್ಟೆಯನ್ನು ಹೆಗಲಿಗೆ ಹಾಕಿಕೊಳ್ಳುತ್ತಾರೆ. “ನಾಲ್ಕೂ. ಆದರೆ ಚೆಂಡಿಗಿಂತ ಕೆಳಗೆ.”

“ಅಸಾಂಟೆ, ಮಾಮಾ,” ಎನ್ನುತ್ತಾರೆ ಫೆಲಿಕ್ಸ್. ಧನ್ಯವಾದ ಅಷ್ಟೇ.

ಪಂದ್ಯ ಮುಗಿದ ಮೇಲೆ ಅಟಿಯೆನೊಗೆ ಫೋನ್ ಮಾಡುತ್ತಾರೆ. ಚರ್ಚಿಗೆ ಬರುವುದಿಲ್ಲವೆಂದು ಹೇಳಿಬಿಡು ಎನ್ನುತ್ತಾರೆ. ಆ ಕಡೆಯ ಓಣಿಯ ಗದ್ದಲದ ನಡುವೆ ಅಟಿಯೆನೊ ದನಿ ನನಗೂ ಕೇಳುತ್ತದೆ: “ಅಂದ್ರೆ ನನ್ನ ಒಲೆ ಇನ್ನೂ ಸಿಗಲ್ಲ ಅಂತಾಯ್ತು.”

ಫೆಲಿಕ್ಸ್ ತಂತಿ ಬಿಚ್ಚಿ ಸುರುಳಿ ಸುತ್ತುತ್ತಿದ್ದಾರೆ. ನನಗೆ ತಡೆಯಲಾಗುವುದಿಲ್ಲ. ಇದೇನು ಮರ್ಯಾದೆ ಎಂದು ಕೇಳುತ್ತೇನೆ. ಒಂದು ಕಾಲಕ್ಕೆ ಇಡೀ ರಸ್ತೆಯನ್ನು ಕುಣಿಸಿದವರು ನೀವು. ಈಗ ಮರದಡಿ ನಿಂತು, ಟಿವಿಯ ಅಡಿಯಲ್ಲಿ, ಬೆನ್ನು ತಿರುಗಿಸಿ ಕೂತವರಿಗೆ ನುಡಿಸುವುದೇ? ಜೋರಾಗಿಯೇ ಕೇಳಿರಬೇಕು. ಮುಟುವಾ ತಲೆಯೆತ್ತಿ ನೋಡುತ್ತಾರೆ.

ಫೆಲಿಕ್ಸ್ ತಂತಿಯ ಸುರುಳಿಯನ್ನು ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಳ್ಳುತ್ತಾರೆ.

“ಸಿಟ್ಟಾಗಬೇಡ,” ಎನ್ನುತ್ತಾರೆ. “ಮುಖ ಚೆಂಡಿನ ಕಡೆ ಇರಲಿ ಬಿಡು. ಕಾಲು ನಮ್ಮ ಕಡೆ ಇತ್ತಲ್ಲ.”